ಹುಣಸೆ ಮರಕ್ಕೆ ಇಂಗು ಇಟ್ಟವರು

ವೇಮಗಲ್ ಹತ್ತಿರ ನಾವು ಸೈಟು ಕೊಂಡ ಹೊಸ ಬಡಾವಣೆಯ ನಕ್ಷೆಯಲ್ಲಿ, ಹಳೆಯ ಮೂರು ಹುಣಸೆ ಮರಗಳಿದ್ದ ಜಾಗದಲ್ಲೇ ರಸ್ತೆ ಹಾಯ್ದಿತ್ತು. ಸೈಟು ಕೊಂಡವರ ಸಭೆಯಲ್ಲಿ ನಾನು ಎದ್ದು ನಿಂತು, ಮರ ಉಳಿಸಿ, ರಸ್ತೆಯನ್ನು ಸ್ವಲ್ಪ ಬಳಸಿ ಹಾಕಿ ಎಂದೆ. ನನ್ನ ಪರವಾಗಿ ಮೊದಲು ಕೈ ಎತ್ತಿದವರು ನಮ್ಮ ಯಜಮಾನರು. ಬಡಾವಣೆಯ ಮಾಲೀಕರು ಜಗಳವಾಡುತ್ತಾರೆಂದುಕೊಂಡಿದ್ದೆ. ಅವರು ನಕ್ಕು, "ಆಗ್ಲಿ ಮೇಡಂ, ನೆರಳಿದ್ರೆ ಲೇಔಟ್‌ಗೂ ಒಳ್ಳೇದೇ" ಅಂದುಬಿಟ್ಟರು. ನಕ್ಷೆ ಬದಲಾಯಿತು. ಅಷ್ಟು ಸಲೀಸಾಗಿ ಒಪ್ಪಿದ್ದೇ ನನಗೆ ಸರಿಬರಲಿಲ್ಲ.

ಯುಗಾದಿ ಕಳೆದ ಮೇಲೆ ಎರಡು ಮರ ಚಿಗುರಿದವು. ನಮ್ಮ ಸೈಟಿನ ಎದುರಿನದು ಮಾತ್ರ ಒಂದು ಮಗ್ಗುಲು ಒಣಗತೊಡಗಿತು. ಬುಡ ಸುತ್ತಿ ನೋಡಿದೆ. ಒಂದು ಕಡೆ ತೂತು ಕೊರೆದು ಮಣ್ಣು ಮೆತ್ತಿದ್ದರು. ಕಡ್ಡಿಯಿಂದ ಕೆದಕಿದರೆ ಇಂಗಿನ ವಾಸನೆ. ಇಂಗು ಇಟ್ಟರೆ ಎಂಥ ಮರವೂ ಸಾಯುತ್ತದೆಂದು ನಮ್ಮ ಕಡೆ ನಂಬಿಕೆ.

ಮಾಲೀಕರದ್ದೇ ಕೆಲಸ ಅನ್ನಿಸಿತು. ಕಾವಲಿನವನನ್ನು ಕೇಳಿದೆ.

"ನಾನ್ಯಾಕಮ್ಮಾ ಇಡ್ಲಿ? ಮಧ್ಯಾಹ್ನ ಉಂಡು ಮಲ್ಗೋದೇ ಇದರ ಕೆಳಗೆ" ಅಂದ. ಕಣ್ಣು ಮಾತ್ರ ಬೇರೆ ಕಡೆ ಇತ್ತು. ನಾನು ನಂಬಲಿಲ್ಲ. ಅಲ್ಲಿಂದ ಮುಂದೆ ಜೆಸಿಬಿಯವನು, ಮೇಸ್ತ್ರಿ, ಪಕ್ಕದ ಸೈಟಿನವರು, ಯಾರು ಮರದ ಹತ್ತಿರ ನಿಂತರೂ ಅವರ ಕೈಯನ್ನೇ ನೋಡುತ್ತಿದ್ದೆ.

"ಹಳೇ ಮರ ಕಣೇ, ತಾನಾಗೇ ಒಣಗಿರ್ಬೇಕು. ಎಲ್ಲರ ಮೇಲೂ ಅನುಮಾನ ಪಟ್ರೆ ನಾಳೆ ಅಲ್ಲಿ ಬಾಳೋದು ಹೇಗೆ?" ಎಂದು ಇವರು ಸಮಾಧಾನ ಹೇಳಿದರು.

ಶ್ರೀನಿವಾಸಪುರದಿಂದ ತಂಗಿ ಮಾವಿನಕಾಯಿ ಕಳಿಸಿದ್ದಳು. ಉಪ್ಪಿನಕಾಯಿಗೆ ಇಂಗು ತರಲು ಕೋಲಾರದಲ್ಲಿ ನಾವು ಯಾವಾಗಲೂ ಹೋಗುವ ದಿನಸಿ ಅಂಗಡಿಗೆ ಹೋದೆ.

"ಸಾರ್ ಆಗ್ಲೇ ಗಟ್ಟಿ ಇಂಗು ತಗೊಂಡೋದ್ರಲ್ಲಕ್ಕಾ, ಅಷ್ಟೂ ಮುಗೀತಾ?" ಅಂದ ಅಂಗಡಿಯವನು.

ನಮ್ಮ ಮನೆಯಲ್ಲಿ ಬಳಸುವುದು ಪುಡಿ ಇಂಗು.

ಮನೆಗೆ ಬಂದು ಚೀಲ ಇಳಿಸದೆಯೇ ಕೇಳಿದೆ. "ಮರಕ್ಕೆ ಇಂಗು ಇಟ್ಟಿದ್ದು ನೀವಾ?"

ಅವರು ಪೇಪರ್ ಮಡಿಚಿದರು. "ಬಾಗ್ಲಿಗೆ ಎದುರು ಮರ ಇರ್ಬಾರ್ದು ಅಂತ ಅಮ್ಮ ಹೇಳ್ತಾನೇ ಇದ್ರು. ಬೇರು ಬಂದ್ರೆ ಪಾಯ ಬಿರುಕು ಬಿಡುತ್ತೆ ಅಂತ ಮೇಸ್ತ್ರೀನೂ ಅಂದ. ನಿಂಗೆ ಹೇಳಿದ್ರೆ ಕೇಳ್ತಿದ್ಯಾ?"

"ಕೇಳ್ತಿರ್ಲಿಲ್ಲ. ಆದ್ರೂ ಹೇಳ್ಬೇಕಿತ್ತು. ಸಭೇಲಿ ಕೈ ಯಾಕೆ ಎತ್ತಿದ್ರಿ?"

ಅವರು ಮಡಿಚಿದ ಪೇಪರನ್ನೇ ಮತ್ತೊಮ್ಮೆ ಮಡಿಚಿದರು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ಅವರು ಕುಕ್ಕರಗಾಲಲ್ಲಿ ಕೂತು ತೂತಿನಲ್ಲಿದ್ದದ್ದನ್ನೆಲ್ಲ ಕೆರೆದು ತೆಗೆದರು. ತಳದವರೆಗೂ ತೆಗೆದರೋ ಇಲ್ಲವೋ ಎಂದು ನಾನು ಬಗ್ಗಿ ನೋಡಿದೆ. ತೊಳೆದು, ಜೇಡಿಮಣ್ಣಿಗೆ ಸಗಣಿ ಕಲಸಿ ಮೆತ್ತಿದೆವು. ಬಿಂದಿಗೆಯಲ್ಲಿ ನೀರು ತಂದುಕೊಟ್ಟ ಕಾವಲಿನವನನ್ನು, "ನಿಂಗೆ ಗೊತ್ತಿತ್ತಲ್ವಾ?" ಅಂದೆ.

"ನಿಮ್ಮನೆಯವ್ರೇ ಅಲ್ವೇನಮ್ಮಾ, ನಾನೇನು ಹೇಳ್ಲಿ?" ಅಂದ.

ಮನೆಯ ಪ್ಲಾನು ಬದಲಾಯಿಸಿದೆವು. ಬಾಗಿಲು ಪೂರ್ವಕ್ಕೆ ತಿರುಗಿತು, ಪಾಯ ಹಿಂದಕ್ಕೆ ಸರಿಯಿತು, ಅತ್ತೆಯೂ ಸುಮ್ಮನಾದರು. ಮಳೆ ಬಿದ್ದ ಮೇಲೆ ಮರದ ಅರ್ಧ ಭಾಗ ಹಸಿರಾಯಿತು. ಒಣಗಿದ ಕೊಂಬೆಗಳನ್ನು ಕಡಿಸಬೇಕಾಯಿತು. ಇವರು ಈಗ ತಾವೇ ಅದಕ್ಕೆ ನೀರು ಹಾಕುತ್ತಾರೆ. ಆದರೂ "ಸೈಟ್ ಹತ್ರ ಹೋಗ್ಬರ್ತೀನಿ" ಅಂದರೆ, ಕೈಯಲ್ಲಿದ್ದ ಕೆಲಸ ಬಿಟ್ಟು ನಾನೂ ಚಪ್ಪಲಿ ಮೆಟ್ಟುತ್ತೇನೆ.