ಏಳು ಜನರ ತೂಕ

ಒಂದು ಕಡೆ ಕೂತು ಅಭ್ಯಾಸವಿಲ್ಲದ ಮನುಷ್ಯ ನಾನು. ವರ್ಕಾಡಿಯಲ್ಲಿ ನೀರಿನ ಪಂಪು ರಿಪೇರಿ ಮಾಡುವ ಸಣ್ಣ ಅಂಗಡಿ ನನ್ನದು. ಅಲ್ಲೊಂದು ಸ್ಟೂಲು ಇದೆ. ಅದರ ಮೇಲೆ ಕೂತದ್ದಕ್ಕಿಂತ ಕಾಲಿನಿಂದ ಆಚೆ ಈಚೆ ತಳ್ಳಿದ್ದೇ ಹೆಚ್ಚು. ನನ್ನ ಹೆಂಡತಿ ಜಗಲಿಯಲ್ಲಿ ಬೀಡಿ ಕಟ್ಟಲು ಕೂತರೆ ಮೂರು ಗಂಟೆ ಅಲ್ಲಾಡುವುದಿಲ್ಲ. ನಾನು ಅವಳೆದುರು ನಾಲ್ಕು ಸಲ ಓಡಾಡಿದರೆ ತಲೆ ಎತ್ತದೆಯೇ ಹೇಳುತ್ತಾಳೆ, "ಒಂದು ಕಡೆ ನಿಲ್ಲಿ ಮಾರಾಯ್ರೆ. ನಿಮ್ಮನ್ನು ನೋಡಿ ನನಗೆ ತಲೆ ತಿರುಗ್ತದೆ."

ನಾನು ಅಲ್ಲಾಡದೆ ನಿಲ್ಲುತ್ತಿದ್ದ ಜಾಗ ಒಂದೇ, ಹಗ್ಗದ ತುದಿ. ನಮ್ಮ ಕಡೆ ಹಗ್ಗಜಗ್ಗಾಟವೆಂದರೆ ಮಕ್ಕಳಾಟವಲ್ಲ. ಏಳು ಜನರ ತಂಡ, ಏಳೂ ಜನರ ತೂಕ ಸೇರಿಸಿದರೆ ಇಂತಿಷ್ಟೇ ಕಿಲೋ ಎಂಬ ನಿಯಮ. ಒಬ್ಬ ದಪ್ಪಗಾದರೆ ಇನ್ನೊಬ್ಬ ಸೊರಗಬೇಕು. ಕೊನೆಯವನು ಹಗ್ಗವನ್ನು ಕಂಕುಳಿನ ಅಡಿಯಿಂದ ತಂದು, ಬೆನ್ನಿಗೆ ಅಡ್ಡ ಹಾಕಿ, ಹೆಗಲ ಮೇಲಿಂದ ಇಳಿಸಿಕೊಂಡು ನಿಲ್ಲುತ್ತಾನೆ. ಅವನು ಜಾರಿದರೆ ಆರು ಜನರೂ ಜಾರಿದ ಹಾಗೆ. ಮೂವತ್ತು ವರ್ಷ ಆ ಜಾಗ ನನ್ನದು. ಈಗ ನಮ್ಮದು ಐವತ್ತು ದಾಟಿದವರ ತಂಡ, ಆದರೂ ತುದಿ ನನ್ನದೇ. ಮುಂದೆ ಆರು ಬೆನ್ನುಗಳು, ಹಿಂದೆ ಯಾರೂ ಇಲ್ಲ. ಅದರ ಕೊಬ್ಬು ನನಗೆ ಸ್ವಲ್ಪ ಜಾಸ್ತಿಯೇ ಇತ್ತು.

ಕಳೆದ ಮಳೆಗಾಲದಲ್ಲಿ ಮೂತ್ರಕ್ಕೆ ಓಡುವುದು ಹೆಚ್ಚಾಯಿತು. ಚಹದ ಮೇಲೆ ತಪ್ಪು ಹಾಕಿ ಕೆಲವು ತಿಂಗಳು ದೂಡಿದೆ. ಹೆಂಡತಿ ಬಿಡದೆ ಮಂಗಳೂರಿಗೆ ಎಳೆದುಕೊಂಡು ಹೋದಳು. ರಕ್ತ ಪರೀಕ್ಷೆ, ಸ್ಕ್ಯಾನಿಂಗ್, ಚೂರು ಮಾಂಸ ತೆಗೆದು ನೋಡುವುದು ಎಲ್ಲ ಮುಗಿದ ಮೇಲೆ ಡಾಕ್ಟರು ಪ್ರಾಸ್ಟೇಟ್ ಕ್ಯಾನ್ಸರ್ ಎಂದರು. ಎಲುಬಿಗೆ ಹೋಗಿಲ್ಲ, ಮೂರು ತಿಂಗಳಿಗೊಂದು ಇಂಜೆಕ್ಷನ್, ಜೊತೆಗೆ ಏಳು ವಾರ ರೇಡಿಯೇಶನ್ ಎಂದರು. ಅದಕ್ಕೆ ನಮ್ಮಲ್ಲಿ ಕರೆಂಟ್ ಕೊಡುವುದು ಎನ್ನುತ್ತಾರೆ. ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಬಾಯಿಗೆ ಬಂದದ್ದು ಒಂದೇ ಪ್ರಶ್ನೆ, "ಹಗ್ಗ ಎಳೀಬಹುದಾ ಡಾಕ್ಟ್ರೇ?"

ಹೆಂಡತಿ ನನ್ನನ್ನು ನುಂಗುವ ಹಾಗೆ ನೋಡಿದಳು. ಡಾಕ್ಟರು ನಗಲಿಲ್ಲ. "ಮೈಗೆ ಕೆಲಸ ಕೊಡುವುದು ಒಳ್ಳೆಯದೇ. ಆದರೆ ಈ ಇಂಜೆಕ್ಷನ್‌ನಿಂದ ಎಲುಬಿನ ಬಲ ಸ್ವಲ್ಪ ಕಡಿಮೆ ಆಗ್ತದೆ. ಮಧ್ಯದಲ್ಲಿ ನಿಂತು ಎಳೆಯಿರಿ, ನೋವಾದ್ರೆ ಬಿಡಿ. ಬೆನ್ನಿಗೆ ಹಗ್ಗ ಹಾಕಿ ಕೊನೆಯಲ್ಲಿ ನಿಲ್ಲುವುದು ಮಾತ್ರ ಬೇಡ."

ತಂಡಕ್ಕೆ ನಾನು ಏನೂ ಹೇಳಲಿಲ್ಲ. ಕಾರಣವಿತ್ತು. ನಮ್ಮಲ್ಲೇ ಒಬ್ಬರಿಗೆ ಹಿಂದೆ ಹೃದಯದ ಆಪರೇಶನ್ ಆಗಿತ್ತು. ಅವರು ಮೈದಾನಕ್ಕೆ ಬಂದ ಕೂಡಲೇ ಎಲ್ಲರೂ ಓಡಿ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದರು, ತೊಡೆಯ ಮೇಲೆ ನಮ್ಮ ಟವೆಲ್‌ಗಳನ್ನು ಇಟ್ಟರು. ಪ್ರೀತಿಯಿಂದಲೇ ಮಾಡಿದ್ದು. ಮನುಷ್ಯ ನಾಲ್ಕು ವರ್ಷ ಆ ಟವೆಲ್ ಹಿಡಿದುಕೊಂಡು ಕೂತರು, ಮತ್ತೆ ಹಗ್ಗ ಮುಟ್ಟಲಿಲ್ಲ. ಟವೆಲ್ ಇಟ್ಟವರಲ್ಲಿ ನಾನೂ ಒಬ್ಬ. ನಿಜ ಹೇಳುತ್ತೇನೆ, ಕಾಯಿಲೆಗಿಂತ ಹೆಚ್ಚು ಹೆದರಿದ್ದು ನಾನು ಆ ಕುರ್ಚಿಗೆ.

ಹಾಗಾಗಿ ಕರೆಂಟಿಗೆಂದು ಬೆಳಿಗ್ಗೆ ಬಸ್ಸು ಹಿಡಿದು ಹೊಸಂಗಡಿ, ಅಲ್ಲಿಂದ ತಲಪಾಡಿ ದಾಟಿ ಮಂಗಳೂರು. ಸಂಜೆ ಮೈದಾನದಲ್ಲಿ ಅಭ್ಯಾಸ, ಡಾಕ್ಟರು ಬೇಡ ಎಂದ ಅದೇ ತುದಿಯಲ್ಲಿ. ಕೇಳಿದವರಿಗೆ ಪಂಪಿನ ಸಾಮಾನು ತರಲು ಹೋಗುತ್ತೇನೆ ಎಂದೆ. ಇಂಜೆಕ್ಷನ್ ತನ್ನ ಕೆಲಸ ಶುರು ಮಾಡಿತು. ಇದ್ದಕ್ಕಿದ್ದಂತೆ ಮೈಯೆಲ್ಲ ಬಿಸಿಯಾಗಿ ಬೆವರು ಇಳಿಯುತ್ತಿತ್ತು. ತೋಳು ಸೋಲುತ್ತಿತ್ತು, ಹೊಟ್ಟೆ ಮಾತ್ರ ಬೆಳೆಯುತ್ತಿತ್ತು. ನಾಲ್ಕು ಕಿಲೋ ಏರಿದೆ. ಆ ನಾಲ್ಕು ಕಿಲೋ ಇಳಿಸಲು ಉಳಿದವರು ಊಟ ಬಿಡಬೇಕಾಯಿತು.

ನಮ್ಮ ನಾಯಕ ಜೀಪು ಓಡಿಸುವವನು, ಒಂದನೇ ಕ್ಲಾಸಿನಿಂದ ನನ್ನ ಜೊತೆಗಾರ. "ಎಂತ ಮಾರಾಯ, ಮನೆಯಲ್ಲಿ ದಿನಾ ಕೋಳಿ ರೊಟ್ಟಿಯಾ?" ಎಂದು ನನ್ನ ಹೊಟ್ಟೆ ತಟ್ಟಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಪಂದ್ಯ ಭಾನುವಾರ. ಶುಕ್ರವಾರ ಸಂಜೆ ಗುಜರಿ ಅಂಗಡಿಯ ದೊಡ್ಡ ತೂಕದ ಮೆಷಿನ್ ಮೇಲೆ ನಮ್ಮದೇ ಒಂದು ಪರೀಕ್ಷೆ. "ಗುರುವಾರ ಸಂಜೆಯಿಂದ ಯಾರೂ ನೀರು ಮುಟ್ಟಬಾರ್ದು, ಬಾಯಿ ಒಣಗಿದ್ರೆ ಮುಕ್ಕಳಿಸಿ ಉಗುಳಿ," ಎಂದು ನಾಯಕನ ಆಜ್ಞೆ. ಮೂವತ್ತು ವರ್ಷದ ಅಭ್ಯಾಸ. ಯೋಚಿಸದೆ ಪಾಲಿಸಿದೆ.

ಆದರೆ ಕರೆಂಟಿನ ನಿಯಮವೇ ಬೇರೆ. ಆ ಮೇಜಿನ ಮೇಲೆ ಮಲಗುವ ಮೊದಲು ಚೆನ್ನಾಗಿ ನೀರು ಕುಡಿದು, ಮೂತ್ರಕೋಶ ತುಂಬಿಸಿಕೊಂಡಿರಬೇಕು. ಶುಕ್ರವಾರ ಬೆಳಿಗ್ಗೆ ನನ್ನನ್ನು ಮಲಗಿಸಿ ಚಿತ್ರ ತೆಗೆದು ನೋಡಿದ ಹುಡುಗಿ ತನ್ನ ಕೋಣೆಯಿಂದ ಬಂದು ಸೊಂಟಕ್ಕೆ ಕೈ ಇಟ್ಟಳು. "ಎಂತ ಅಂಕಲ್ ಇದು? ಒಳಗೆ ಒಂದು ತೊಟ್ಟು ನೀರಿಲ್ಲ. ಏಳಿ, ಕುಡಿದು ಬನ್ನಿ." ಹಗ್ಗದ ಕಥೆಯನ್ನು ಅವಳಿಗೆ ಹೇಳುವ ಧೈರ್ಯ ಬರಲಿಲ್ಲ. ಬಾಟಲಿ ಹಿಡಿದು ಆಸ್ಪತ್ರೆಯ ವರಾಂಡದಲ್ಲಿ ಹೋಗಿ ಬಂದು ಮಾಡಿದೆ. ಸರದಿ ತಪ್ಪಿತ್ತು, ಮತ್ತೆ ಮಧ್ಯಾಹ್ನವೇ ಕರೆದದ್ದು. ಅಷ್ಟರೊಳಗೆ ಹೆದರಿಕೆಯಿಂದ ಎಷ್ಟು ಕುಡಿದೆನೋ ಲೆಕ್ಕವಿಲ್ಲ. ಮನೆಗೂ ಹೋಗದೆ ಬಸ್ಸಿಳಿದು ನೇರ ಗುಜರಿ ಅಂಗಡಿಗೆ ನಡೆದೆ.

ಆರು ಜನರ ತೂಕ ಆಗಿತ್ತು. ತುಟಿ ಒಣಗಿ, ಕಣ್ಣು ಒಳಗೆ ಹೋಗಿ, ಒಬ್ಬೊಬ್ಬನೂ ಗೋಡೆಗೆ ಒರಗಿ ಕೂತಿದ್ದ. ನಾನು ಮೆಷಿನ್ ಹತ್ತಿದೆ. ನಾಯಕ ಸಂಖ್ಯೆ ನೋಡಿದ, ಸಣ್ಣ ಡೈರಿ ನೋಡಿದ, ನನ್ನ ಮುಖ ನೋಡಿದ.

"ನೀರು ಕುಡಿದಿದ್ದೀಯಾ?"

ಕೂಡಲೇ ಮೂತ್ರಕ್ಕೆ ಹೋಗಬೇಕೆಂದು ಕಾಲು ಕುಣಿಯುತ್ತಿತ್ತು.

"ನಾವಿಲ್ಲಿ ಉಗುಳು ನುಂಗದೆ ಕೂತಿದ್ದೇವೆ. ನಿನಗೆ ಒಂದು ದಿನ ಆಗುವುದಿಲ್ವಾ? ನಾಚಿಕೆ ಉಂಟಾ ನಿನಗೆ?"

ಸಿಟ್ಟು ನೆತ್ತಿಗೇರಿತು. ಅವನ ಮೇಲಲ್ಲ, ಆದರೆ ಎದುರಿಗಿದ್ದವನು ಅವನೇ. "ಕುಡಿದೆ! ಕುಡಿಯದಿದ್ರೆ ಕರೆಂಟ್ ಕೊಡುವುದಿಲ್ಲ. ಕ್ಯಾನ್ಸರ್ ಉಂಟು ನನಗೆ. ಸಾಕಾ? ಇನ್ನು ಕುರ್ಚಿ ತನ್ನಿ, ಟವೆಲ್ ಕೊಡಿ!" ಎಂದು ಕಿರುಚಿ, ಅಂಗಡಿಯ ಹಿಂದಕ್ಕೆ ಓಡಿದೆ. ಹಳೆಯ ಫ್ರಿಜ್ಜುಗಳ ಸಂದಿಯಲ್ಲಿ ನಿಂತು ಮೂತ್ರ ಮಾಡುತ್ತಾ ಅತ್ತೆ. ಎರಡೂ ಬೇಗ ನಿಲ್ಲಲಿಲ್ಲ.

ತಿರುಗಿ ಬಂದಾಗ ಯಾರೂ ಕುರ್ಚಿಗೆ ಓಡಿರಲಿಲ್ಲ. ಬಹುಶಃ ಓಡುವ ತ್ರಾಣ ಇರಲಿಲ್ಲ. ನಾಯಕ ಡೈರಿಯಲ್ಲಿ ಏನೋ ಕೂಡಿ ಕಳೆಯುತ್ತಿದ್ದ.

"ಡಾಕ್ಟ್ರು ಎಳೀಬಾರ್ದು ಅಂದಿದ್ದಾರಾ?" ತಲೆ ಎತ್ತದೆ ಕೇಳಿದ.

"ಎಳೀಬಹುದು. ಕೊನೆಯಲ್ಲಿ ಬೇಡ ಅಂದಿದ್ದಾರೆ."

ಅವನು ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿಕೊಂಡ. "ನೀನು ನೀರು ಕುಡಿ. ನಿನ್ನ ಕಿಲೋ ನಾವು ಆರು ಜನ ಇಳಿಸ್ತೇವೆ. ಇನ್ನೆರಡು ದಿನ ಉಂಟಲ್ಲ." ಮತ್ತೆ ಸ್ವರ ಏರಿಸಿದ, "ಮೊದ್ಲೇ ಹೇಳ್ಲಿಕ್ಕೆ ನಿನಗೆ ಎಂತ ರೋಗ?" ಕೇಳಿದ ಮೇಲೆ ಅವನಿಗೇ ನಾಲಿಗೆ ಕಚ್ಚಿಕೊಳ್ಳುವ ಹಾಗಾಯಿತು. ಗೋಡೆಗೆ ಒರಗಿದ್ದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ, ಆಮೇಲೆ ಎಲ್ಲರೂ ನಕ್ಕರು.

ಭಾನುವಾರ ತೂಕ ಸರಿಯಾಯಿತು. ಆರು ಜನರೂ ಅರ್ಧ ಸತ್ತ ಹಾಗಿದ್ದರು, ನಾನೊಬ್ಬ ನೀರು ಕುಡಿದು ನುಣ್ಣಗಿದ್ದೆ. ಹೆಂಡತಿ ಮೈದಾನದ ಅಂಚಿನಲ್ಲಿ, ಬರುವುದಿಲ್ಲ ಎಂದವಳು, ಬಂದು ನಿಂತಿದ್ದಳು. ಅಭ್ಯಾಸ ಬಲದಿಂದ ನಾನು ತುದಿಗೆ ನಡೆದೆ. ಅಲ್ಲಿ ನಾಯಕ ಹಗ್ಗವನ್ನು ಬೆನ್ನಿಗೆ ಹಾಕಿಕೊಂಡು ನಿಂತಾಗಿತ್ತು. ಗಲ್ಲದಿಂದಲೇ ತನ್ನ ಮುಂದಿನ ಜಾಗ ತೋರಿಸಿದ. ನನ್ನ ಮೂವತ್ತು ವರ್ಷದ ಜಾಗ ಅವನ ಕಾಲಡಿಯಲ್ಲಿತ್ತು. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಸೀಟಿ ಊದಿದರು. ಎದುರಿನವರು ಗಟ್ಟಿಗರು. ಮೊದಲ ಎಳೆತಕ್ಕೇ ನನ್ನ ಹಿಮ್ಮಡಿ ಮಣ್ಣು ಬಿಟ್ಟು ಒಂದು ಗೇಣು ಮುಂದೆ ಜಾರಿತು. ತುದಿಯಲ್ಲಿದ್ದ ಕಾಲದಲ್ಲಾದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಕಣ್ಣು ಮುಚ್ಚಿದೆ. ಹಗ್ಗ ಹೋಗಲಿಲ್ಲ. ನನ್ನ ಕಿವಿಯ ಹಿಂದೆ, ಎರಡು ದಿನ ನೀರು ಕಾಣದ ಗಂಟಲಿನಿಂದ ಉಸಿರು ಕೇಳಿಸುತ್ತಿತ್ತು.

"ಕಾಲು ಊರು ಮಾರಾಯ," ಎಂದ. "ಹಿಂದೆ ನಾನಿದ್ದೇನೆ."

ನಾನು ಕಾಲು ಊರಿದೆ.