ಒಂಬತ್ತು ಫೂಟಿನ ಖಾನಾವಳಿಗೊಂದು ಲೆನ್ಸು

ಸತ್ತೂರಿನ ಫೋಟೋಗ್ರಾಫರ್ ಕುಬೇರಪ್ಪನಿಗೆ ನಲವತ್ತೆಂಟು ವರ್ಷ, ಮದುವೆಯಿಲ್ಲ. ಅಂಗಡಿಯ ಬೋರ್ಡಿನ ಮೇಲೆ ‘ಎಲ್ಲ ಶುಭ ಸಮಾರಂಭಗಳ ಫೋಟೋ ತೆಗೆಯಲಾಗುವುದು’ ಎಂದೇನೋ ಬರೆದಿದೆ. ಆದರೆ ಶುಭ ಸಮಾರಂಭಕ್ಕೆ ಅವನನ್ನು ಯಾರಾದರೂ ಕರೆದು ಆರು ವರ್ಷವಾಯಿತು. ಕರೆ ಬರುವುದೆಲ್ಲ ಸಾವಿನ ಮನೆಯಿಂದ. ಈ ಕಡೆಯ ಲಿಂಗಾಯತರು ತೀರಿಕೊಂಡವರನ್ನು ಗೋಡೆಗೆ ಒರಗಿಸಿ ಕೂಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಸುತ್ತ ಮನೆಮಂದಿ ನಿಂತು ಕಡೆಯ ಫೋಟೋ ತೆಗೆಸಿಕೊಳ್ಳುತ್ತಾರೆ. ವಾಲಿದ ಗದ್ದವನ್ನು ಎರಡು ಬೆರಳಿನಿಂದ ಮೆಲ್ಲಗೆ ಎತ್ತಿ ಕೂಡಿಸುವುದರಲ್ಲಿ ಕುಬೇರಪ್ಪನನ್ನು ಮೀರಿಸುವವರಿಲ್ಲ. ಅಮ್ಮಿನಬಾವಿಯ ತನಕ ಹೆಸರು ಹೋಗಿದೆ. ಹೆಸರು ಹೋದದ್ದೇ ಕೆಟ್ಟಿತು ನೋಡಿ! ಮದುವೆ ಮನೆಯವರು ಅವನನ್ನು ಕಂಡರೆ ಬೇರೆ ಓಣಿ ಹಿಡಿಯತೊಡಗಿದರು.

ದಿನಕ್ಕೆ ಎರಡು ಸಲ ಅವನೊಂದಿಗೆ ಮಾತಾಡುವ ಜೀವ ಒಂದೇ ಒಂದು. ಆಸ್ಪತ್ರೆ ರಸ್ತೆಯಲ್ಲಿ ರೊಟ್ಟಿ ಖಾನಾವಳಿ ನಡೆಸುವ ದ್ರಾಕ್ಷಾಯಿಣಿ. ಗಂಡ ತೀರಿ ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಹನ್ನೆರಡು ವರ್ಷದಿಂದ ಕುಬೇರಪ್ಪ ಎರಡೂ ಹೊತ್ತು ಅಲ್ಲೇ ಉಣ್ಣುತ್ತಾನೆ. ಊರೆಲ್ಲ ಅವಳಿಗೆ ‘ಅಕ್ಕಾರ’ ಅನ್ನುತ್ತದೆ, ಇವನೂ ಅದನ್ನೇ ಅಂದುಬಿಟ್ಟ. ಅಂದವನಿಗೆ ಆ ಶಬ್ದದಿಂದ ಹೊರಗೆ ಬರುವ ದಾರಿ ಇವತ್ತಿಗೂ ಸಿಕ್ಕಿಲ್ಲ. ಮನಸ್ಸಿನಲ್ಲಿ ಇದ್ದದ್ದೇ ಬೇರೆ.

ಅವಳದೊಂದು ಫೋಟೋ ತೆಗೆಯಬೇಕು, ತೆಗೆಯುತ್ತಲೇ ಹೇಳಿಬಿಡಬೇಕು ಎಂದು ಅವನ ಲೆಕ್ಕಾಚಾರ. ಮುಖಕ್ಕೆ ಕ್ಯಾಮೆರಾ ಅಡ್ಡ ಇದ್ದರೆ ಎಂಥ ಪುಕ್ಕಲನಿಗೂ ಸ್ವಲ್ಪ ಧೈರ್ಯ ಬರುತ್ತದೆ. ಒಮ್ಮೆ ಕೇಳಿಯೂ ನೋಡಿದ್ದ.

“ಬ್ಯಾಡ್ರಿಯಪ್ಪಾ! ನಿಮ್ಮ ಕ್ಯಾಮೆರಾ ಮುಂದ ಕುಂತವರು ಯಾರರ ಎದ್ದು ಬಂದಾರೇನ್ರಿ?” ಎಂದು ಅವಳು ನಕ್ಕಳು. ಉಣ್ಣುತ್ತಿದ್ದವರೂ ನಕ್ಕರು. ಕುಬೇರಪ್ಪನೂ ನಕ್ಕ. ಆಮೇಲೆ ಎರಡು ದಿನ ಊಟಕ್ಕೆ ಹೋಗಲಿಲ್ಲ.

ತಪ್ಪು ತನ್ನದಲ್ಲ, ಲೆನ್ಸಿನದು ಎಂದು ಕೊನೆಗೆ ತೀರ್ಮಾನಿಸಿದ. ಇಂಥ ಸಮಾಧಾನ ಒಂಟಿ ಮನುಷ್ಯನಿಗೆ ಬಹಳ ಬೇಗ ಸಿಗುತ್ತದೆ. ಕ್ಯಾಮೆರಾದ ಜೊತೆ ಬಂದ ಝೂಮ್ ಲೆನ್ಸಿನಲ್ಲಿ ಮನೆಮಂದಿಯೆಲ್ಲ ಹಿಡಿಸುತ್ತಿದ್ದರು, ಆದರೆ ಒಂದು ಮುಖ ಮುಖವಾಗಿ ಬರುತ್ತಿರಲಿಲ್ಲ. ಮುಖಕ್ಕೆಂದೇ ಮಾಡಿದ ಲೆನ್ಸು ಬೇಕು. ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದ.

ಕ್ಯಾಮೆರಾ ಅಂಗಡಿಯ ವಸೀಮ ಎರಡು ಲೆನ್ಸು ತಂದು ಗಾಜಿನ ಮೇಲೆ ಇಟ್ಟ. ಒಂದು ಐವತ್ತು ಎಂ.ಎಂ., ಇನ್ನೊಂದು ಎಂಬತ್ತೈದು.

“ಎಂಬತ್ತೈದು ರಾಜಾ ಲೆನ್ಸ್ರಿ ಕುಬೇರಪ್ಪಾರ. ಹಿಂದಿಂದೆಲ್ಲಾ ಬೆಣ್ಣಿ ಕರಗಿಧಂಗ ಕರಗಿ, ಮುಖ ಅಷ್ಟ ಉಳಿತೈತಿ. ರೇಟು ಮಾತ್ರ ಐವತ್ತರದ ಎರಡರಷ್ಟರ ಮ್ಯಾಲ. ಮತ್ತ ನಿಮ್ಮದು ಸಣ್ಣ ಸೆನ್ಸರಿನ ಕ್ಯಾಮೆರಾ, ಹತ್ತು ಹನ್ನೆರಡು ಫೂಟು ಹಿಂದ ಸರೀಬೇಕಾಗ್ತದ. ಜಾಗಾ ಎಷ್ಟೈತಿ?”

“ಒಂಬತ್ತು ಫೂಟು” ಎಂದ ಕುಬೇರಪ್ಪ, ಕೇಳಿದ್ದೇ ತಡ. ಕೈ ತೊಳೆಯುವ ನೆಪದಲ್ಲಿ ಖಾನಾವಳಿಯ ಹಿಟ್ಟಿನ ಡಬ್ಬಿಯಿಂದ ಎದುರು ಗೋಡೆಯವರೆಗೆ ಹೆಜ್ಜೆ ಹಾಕಿ ಅಳೆದಿದ್ದ, ಅದೂ ಮೂರು ಸಲ.

“ಸ್ಟುಡಿಯೋ ಅಷ್ಟ ಸಣ್ಣದೇನ್ರಿ?”

“ಸ್ಟುಡಿಯೋ ಅಲ್ರಿ” ಎಂದ.

ವಸೀಮ ವ್ಯಾಪಾರಿ, ಕೆದಕಲಿಲ್ಲ. “ಹಂಗಾದ್ರ ಐವತ್ತು ಒಯ್ರಿ. ಐದಾರು ಫೂಟಿನಾಗ ಮುಗೀತು. ಇದಕ್ಕ ಝೂಮ್ ಇಲ್ಲ ಮತ್ತ. ದೂರ ನಿಂತು ಎಳ್ಕೊಳ್ಳಾಕ ಆಗೂದಿಲ್ಲ, ನೀವ ಸಮೀಪ ಹೋಗಬೇಕು. ಬೇಕಾದ್ರ ಒಯ್ದು ಮನ್ಯಾಗಿನವರದು ಒಂದೆರಡು ತಗದು ನೋಡ್ರಿ, ಸೇರಲಿಲ್ಲಂದ್ರ ನಾಕ ದಿನದಾಗ ತಂದು ಕೊಡ್ರಿ.”

ಮನೆಯಲ್ಲಿನವರು! ಆ ನಾಲ್ಕು ದಿನ ಕುಬೇರಪ್ಪ ಗಡಿಯಾರ, ನೀರಿನ ಹೂಜಿ, ಗೂಟಕ್ಕೆ ನೇತುಹಾಕಿದ ತನ್ನ ಅಂಗಿ ಇವುಗಳ ಫೋಟೋ ತೆಗೆದ. ಅಂಗಿಯ ಗುಂಡಿ ಸ್ಪಷ್ಟವಾಗಿ ಬಂತು, ತೋಳು ಮಸುಕಾಗಿ ಬಂತು. ಲೆನ್ಸು ಚೆನ್ನಾಗಿದೆ ಎಂದು ಯಾರಿಗಾದರೂ ಹೇಳಬೇಕೆನಿಸಿತು. ಹೇಳಲು ಯಾರಿದ್ದರು? ಐದನೆಯ ದಿನ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು, ಜನ ಕಡಿಮೆಯಿರುವ ಮೂರು ಗಂಟೆಗೆ ಖಾನಾವಳಿಗೆ ಹೋದ.

ಅವನು ಬಾಯಿ ತೆರೆಯುವ ಮೊದಲೇ ದ್ರಾಕ್ಷಾಯಿಣಿ ಅಂದಳು: “ಬರ್ರಿ ಫೋಟೋದವ್ರ, ನಿಮ್ಮನ್ನ ನೆನಸಾಕತ್ತಿದ್ದೆ. ನಂದೊಂದು ಫೋಟೋ ತಗೀರಿ.”

ಕುಬೇರಪ್ಪ ಹೆಗಲ ಮೇಲಿನ ಕ್ಯಾಮೆರಾ ಇಳಿಸಿಯೇಬಿಟ್ಟ. “ಈಗ ತಗೀತೇನ್ರಿ” ಎಂದ.

ಅವಳು ಒಳಗೆ ಹೋಗಿ ಇಳಕಲ್ ಸೀರೆ ಉಟ್ಟು ಬಂದಳು. ಹಿಟ್ಟಿನ ಡಬ್ಬಿಯ ಮುಂದೆ ಸ್ಟೂಲು ಹಾಕಿಕೊಂಡು ಕುಳಿತಳು. ತಲೆ ಕೊಂಚ ಬಗ್ಗಿತ್ತು. ರೂಢಿಬಲ, ಕುಬೇರಪ್ಪನ ಎರಡು ಬೆರಳು ಅವಳ ಗದ್ದದ ಕಡೆಗೆ ಹೋದವು.

“ಮುಟ್ಟಬ್ಯಾಡ್ರಿ!” ಅವಳು ಸಟ್ಟನೆ ಹಿಂದೆ ಸರಿದಳು. “ನಾ ಇನ್ನೂ ಜೀವಂತ ಅದೇನಿ. ಬಾಯಿಲೆ ಹೇಳ್ರಿ, ಎತ್ತತೇನಿ.”

ನಾಚಿಕೆಯಿಂದ ಅವನ ಕಿವಿ ಬಿಸಿಯಾದವು. ಹೌದಲ್ಲ, ಇವಳಿಗೆ ಬಾಯಿಂದ ಹೇಳಬಹುದು! “ಸ್ವಲ್ಪ ಗದ್ದ ಮ್ಯಾಲ ಮಾಡ್ರಿ… ಇತ್ತಾಗ ನೋಡ್ರಿ” ಎಂದ. ಅವಳು ನೋಡಿದಳು. ಐದು ಫೂಟಿನ ದೂರದಿಂದ ಅವಳ ಕಣ್ಣು ನೇರ ಅವನನ್ನೇ ನೋಡುತ್ತಿತ್ತು. ಈಗ ಹೇಳಬೇಕು, ಈಗಲೇ.

“ಲಗೂ ತಗೀರಿ” ಎಂದಳು ಅವಳು. “ನಮ್ಮಣ್ಣ ಲಕ್ಕಪ್ಪ ನಿನ್ನೆ ಬಂದಿದ್ದ. ಗದಗಿನ ಕಡೆ ಒಂದು ಸಂಬಂಧ ತಂದಾನ. ಕಂಡಕ್ಟರ್ ಅಂತ. ಅವರಿಗೂ ಹೇಂತಿ ಇಲ್ಲ. ಮೊದಲ ಫೋಟೋ ಕಳಸ್ರಿ ಅಂದಾರಂತ.”

ಕ್ಯಾಮೆರಾ ಅಡ್ಡ ಇದ್ದದ್ದು ಒಳ್ಳೆಯದೇ ಆಯಿತು. ಕುಬೇರಪ್ಪನ ಮುಖ ಅವಳಿಗೆ ಕಾಣಲಿಲ್ಲ. ಫೋಟೋ ಬೇಕಂತಲೇ ಕೆಡಿಸಬಹುದಿತ್ತು, ಫೋಕಸ್ಸು ಹಿಟ್ಟಿನ ಡಬ್ಬಿಯ ಮೇಲೆ ಬಿಟ್ಟರೆ ಸಾಕು. ಆ ವಿಚಾರ ಬಂದದ್ದಂತೂ ಖರೆ. ಆದರೆ ಕೈ ಕೇಳಲಿಲ್ಲ. ಅರ್ಧ ಹೆಜ್ಜೆ ಮುಂದೆ ಹೋಗಿ, ಅವಳ ಎಡಗಣ್ಣಿನ ಮೇಲೆ ಫೋಕಸ್ಸು ನಿಲ್ಲಿಸಿ, ಬಾಗಿಲ ಬೆಳಕು ಕೆನ್ನೆಗೆ ತಾಗುವವರೆಗೆ ಕಾದು ತೆಗೆದ.

ಪರದೆಯ ಮೇಲಿನ ತನ್ನ ಮುಖವನ್ನು ದ್ರಾಕ್ಷಾಯಿಣಿ ಬಹಳ ಹೊತ್ತು ನೋಡಿದಳು. ಮೂಗಿನ ಪಕ್ಕದ ಮಚ್ಚೆ, ಕಣ್ಣಂಚಿನ ಸುಕ್ಕು, ಎಲ್ಲ ಇದ್ದವು. ಹಿಂದಿನ ಮಸಿ ಹಿಡಿದ ಗೋಡೆ ಮಾತ್ರ ಇರಲಿಲ್ಲ.

“ಇಷ್ಟು ಛಲೋ ಅದೇನೇನ್ರಿ ನಾ?”

“ಹೌದ್ರಿ. ಮೊದಲಿಂದನೂ” ಎಂದ ಕುಬೇರಪ್ಪ.

ಅವಳು ತಲೆಯೆತ್ತಿದಳು. ನಗುತ್ತಿರಲಿಲ್ಲ. “ಹನ್ನೆರಡು ವರ್ಷ ದಿನಾ ಎರಡೂ ಹೊತ್ತು ನೋಡೀರಿ. ಒಂದ ದಿನರ ಹೇಳಬಾರದಿತ್ತೇನ್ರಿ?”

ಫೋಟೋ ಇನ್ನೂ ಹೋಗಿರಲಿಲ್ಲ. ಕ್ಯಾಮೆರಾದಿಂದ ಅವನ ಮೊಬೈಲಿಗೆ ಬಂದು ಕೂತಿತ್ತು, ಅಷ್ಟೇ. ಕುಬೇರಪ್ಪನ ತುಟಿ ಅಲುಗಿತು. ಅಯ್ಯೋ ಪುಣ್ಯಾತ್ಮಾ, ಹೇಳಬಾರದೇ?

“ನಿಮ್ಮಣ್ಣಾರ ನಂಬರ ಹೇಳ್ರಿ ಅಕ್ಕಾರ” ಎಂದ.

ಅವಳು ಅವನ ಮುಖವನ್ನೇ ನೋಡುತ್ತ, ಹತ್ತೂ ಅಂಕಿಗಳನ್ನು ಒಂದೊಂದಾಗಿ, ನಡುವೆ ನಿಂತು ನಿಂತು ಹೇಳಿದಳು. ಕುಬೇರಪ್ಪ ಒಂದೂ ತಪ್ಪದಂತೆ ಒತ್ತಿದ.