ಹಕ್ಕಿ ಕಾಣದವನ ಸಾಕ್ಷಿ

ನನಗೆ ಹಕ್ಕಿ ಕಾಣುವುದಿಲ್ಲ. ಕಣ್ಣಿನ ದೋಷವೇನೂ ಅಲ್ಲ. ಡಾಕ್ಟರ ಗೋಡೆಯ ಮೇಲಿನ ಕೊನೆಯ ಸಾಲನ್ನು ಕನ್ನಡಕವಿಲ್ಲದೆ ಓದುತ್ತೇನೆ. ಆದರೆ ಯಾರಾದರೂ ಮರ ತೋರಿಸಿ, ‘ಎಡಗಡೆ ಕೊಂಬೆ, ಒಣಗಿದ ಎಲೆ ಇದೆಯಲ್ಲ, ಅದರ ಸ್ವಲ್ಪ ಮೇಲೆ’ ಎಂದರೆ ಸಾಕು, ಆ ಮರದಲ್ಲಿ ಒಣಗಿದ ಎಲೆಯ ಹೊರತು ಬೇರೇನೂ ನನಗೆ ಕಾಣಿಸದು. ಹಕ್ಕಿಗಳಿಗೂ ಈ ವಿಷಯ ಗೊತ್ತಿರಬೇಕು.

ದೇವರು ಜೋಡಿ ಮಾಡುವಾಗ ತಮಾಷೆಯನ್ನೂ ಸೇರಿಸುತ್ತಾನೆ. ನನ್ನ ಹೆಂಡತಿ ನಸ್ರೀನ್‌ಗೆ ಕಾಣದ ಹಕ್ಕಿಯಿಲ್ಲ. ನಾವಿರುವ ಸ್ವೀಡನ್ನಿನ ಸೊಲ್ಲೆಂಟುನಾದಲ್ಲಿ, ಮಗಳನ್ನು ದಾಗಿಸ್ ಎಂಬ ಶಿಶುವಿಹಾರಕ್ಕೆ ಬಿಟ್ಟು ಬರುತ್ತಿದ್ದ ದಾರಿಯಲ್ಲೊಂದು ಕೆರೆಯಿದೆ. ಅಲ್ಲಿ ನಿವೃತ್ತ ಮೇಷ್ಟ್ರು ಲೆನಾರ್ಟ್ ಒಂದು ದಿನ ಅವಳ ಕೈಗೆ ಬೈನಾಕ್ಯುಲರ್ ಕೊಟ್ಟು ‘ನೋಡಿ’ ಎಂದರು. ಅವಳು ಇನ್ನೂ ಕಣ್ಣು ತೆಗೆದಿಲ್ಲ. ಮಗಳು ಬೆಳೆದು ಲುಂಡ್‌ನಲ್ಲಿ ಓದುತ್ತಿದ್ದಾಳೆ. ಲೆನಾರ್ಟ್ ತಮ್ಮ ಹಕ್ಕಿ ನೋಡುವ ಗುಂಪನ್ನು ಪೆರುವಿನ ಆಂಡಿಸ್ ಬೆಟ್ಟಗಳಿಗೆ ಕರೆದೊಯ್ಯುವುದಾಗಿ ಹೇಳಿದಾಗ ನಸ್ರೀನ್ ನನ್ನನ್ನು ಕೇಳದೆಯೇ ಇಬ್ಬರ ಹೆಸರನ್ನೂ ಕೊಟ್ಟಳು. ಮಗಳು ಫೋನಿನಲ್ಲಿ, “ಪಪ್ಪಾ, ಪ್ಲೀಸ್, ಅಲ್ಲಿ ಜಾಸ್ತಿ ಮಾತಾಡ್ಬೇಡಿ, ಓಕೆ?” ಎಂದು ಆಶೀರ್ವಾದ ಮಾಡಿ ಕಳಿಸಿದಳು.

ಸ್ವೀಡನ್ನಿನವರ ಗುಂಪಿಗೊಂದು ನಿಯಮವುಂಟು. ಹಕ್ಕಿ ಕಂಡಾಗ ಕಡೆಯವನಿಗೂ ಅದು ಕಾಣುವವರೆಗೆ ಯಾರೂ ಕದಲುವುದಿಲ್ಲ. ಮೊದಲ ಬೆಳಗ್ಗೆ, ಶೂ ಲೇಸು ಕಟ್ಟಿದರೂ ಏದುಸಿರು ಬರುವ ಎತ್ತರದಲ್ಲಿ, ಕೆಂಪು ತೊಗಟೆ ಕಾಗದದಂತೆ ಸುಲಿಯುವ ಮರಗಳ ಕಾಡಿನಲ್ಲಿ, ಇಡೀ ಗುಂಪು ನನ್ನೊಬ್ಬನಿಗಾಗಿ ಕಾದು ನಿಂತಿತು. ಯಾರಾದರೂ ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಎಲ್ಲರೂ ನಡುಗುತ್ತ, ಮೂಗು ಒರೆಸಿಕೊಳ್ಳುತ್ತ, ನನ್ನತ್ತ ಮುಗುಳ್ನಗುತ್ತಿದ್ದರು. ಹೊಟ್ಟೆ ಚುರುಗುಟ್ಟುತ್ತಿದ್ದರೂ ‘ಊಟ ಆಯ್ತಾ’ ಎಂದವರಿಗೆ ‘ಆಯ್ತು’ ಎನ್ನುವ ಸೀಮೆಯವನು ನಾನು. ‘ಕಂಡಿತು’ ಎಂದುಬಿಟ್ಟೆ.

ಒಮ್ಮೆ ಕಂಡಿತು ಎಂದವನಿಗೆ ಮತ್ತೆ ಕಾಣಲೇಬೇಕಾಗುತ್ತದೆ. ಆದರೆ ಸುಳ್ಳಿಗೂ ಹೊತ್ತುಗೊತ್ತು ಬೇಕು. ಒಂದು ಸಲ ನಾನು ‘ಆಹಾ, ಕಂಡಿತು’ ಎಂದಾಗ, ಹಕ್ಕಿ ಇನ್ನೂ ಬಂದಿಲ್ಲವೆಂದು ಲೆನಾರ್ಟ್ ಮೆಲ್ಲಗೆ ತಿಳಿಸಿದರು. ಅಂದಿನಿಂದ ಮರವನ್ನು ಬಿಟ್ಟು ನಸ್ರೀನ್‌ಳನ್ನು ನೋಡತೊಡಗಿದೆ. ಸಾಧಾರಣ ಹಕ್ಕಿಯಾದರೆ ಅವಳ ಹುಬ್ಬು ಏರುತ್ತದೆ. ಹೂವಿನ ಮುಂದೆ ಗಾಳಿಯಲ್ಲಿ ನಿಲ್ಲುವ ಝೇಂಕಾರದ ಹಕ್ಕಿಯಾದರೆ ತುಟಿ ತುಸು ತೆರೆಯುತ್ತದೆ. ತೀರಾ ಅಪರೂಪದ್ದಾದರೆ ಎಡ ಹಿಮ್ಮಡಿ ನೆಲ ಬಿಡುತ್ತದೆ. ಹಿಮ್ಮಡಿ ಇಳಿದೊಡನೆ ನಾನು ‘ಕಂಡಿತು’ ಎನ್ನುತ್ತಿದ್ದೆ. ಗುಂಪಿನಲ್ಲಿ ನನ್ನ ಗೌರವ ಏರುತ್ತಿತ್ತು.

ನಸ್ರೀನ್ ಇಷ್ಟು ದೂರ ಬಂದದ್ದು ಒಂದೇ ಒಂದು ಹಕ್ಕಿಗಾಗಿ. ಹಣೆಗೆ ಬಿಳಿ ಪಟ್ಟಿ ಕಟ್ಟಿಕೊಂಡ, ಮುಷ್ಟಿಯಷ್ಟೇ ಗಾತ್ರದ ಪ್ಲೋವರ್. ಎತ್ತರದ ಸರೋವರಗಳ ಬದಿಯ ಜೌಗಿನಲ್ಲಿ ಪಾಚಿಯೊಳಗೆ ಪಾಚಿಯಂತೆ ನಿಂತಿರುತ್ತದೆ. ನನ್ನಂಥವನಿಗೆ ಕಾಣಬಾರದೆಂದೇ ಸೃಷ್ಟಿಯಾದ ಜೀವಿ. ಆ ದಿನ ಸರೋವರದ ಬಳಿ ಮಂಜು ಕವಿದಿತ್ತು. ಉಳಿದವರೆಲ್ಲ ಬಸ್ಸಿನ ಮರೆಯಲ್ಲಿ ಫೀಕಾಗೆ ಕೂತು ಕಾಫಿ, ದಾಲ್ಚಿನ್ನಿ ಬನ್ನು ಬಿಚ್ಚಿದ್ದರು. ಸ್ವೀಡನ್ನಿನವರ ಫೀಕಾ ಬೆಟ್ಟದ ತುದಿಯಲ್ಲೂ ತಪ್ಪುವುದಿಲ್ಲ. ಜೌಗಿನ ಅಂಚಿನಲ್ಲಿ ನಾವಿಬ್ಬರೇ ಇದ್ದೆವು. ಮಂಜು ಒಂದಿಷ್ಟು ಸರಿಯಿತು. ನಸ್ರೀನ್‌ಳ ಎರಡೂ ಹಿಮ್ಮಡಿ ಮೇಲೆದ್ದವು. ಮಂಜು ಮತ್ತೆ ಮುಚ್ಚಿತು.

ನಸ್ರೀನ್ ಕೂಗಿದ್ದಕ್ಕೆ ಬನ್ನು ಬಿಟ್ಟು ಎಲ್ಲರೂ ಬಂದರು. ಹಕ್ಕಿ ಮಾತ್ರ ಬರಲಿಲ್ಲ. ಇಂಥ ಅಪರೂಪದ್ದನ್ನು ಗುಂಪು ಒಪ್ಪಬೇಕಾದರೆ ಎರಡನೆಯ ಸಾಕ್ಷಿ ಬೇಕಂತೆ. ಲೆನಾರ್ಟ್ ನನ್ನ ಕಡೆ ತಿರುಗಿದರು.

“ನೀವೂ ನೋಡಿದ್ರಿ ಅಲ್ವಾ? ಹೇಳ್ರೀ,” ಎಂದಳು ನಸ್ರೀನ್ ಕನ್ನಡದಲ್ಲಿ. ಅವಳ ಕಣ್ಣಲ್ಲಿ ನೀರಿತ್ತು.

ನನಗೆ ಯಾಕೋ ದಾವಣಗೆರೆಯ ನಮ್ಮ ಮಾಳಿಗೆ ನೆನಪಾಯಿತು. ರಂಜಾನಿನ ಕೊನೆಗೆ ಓಣಿಯವರೆಲ್ಲ ಮಾಳಿಗೆ ಹತ್ತಿ, ಕರೆಂಟಿನ ತಂತಿಯ ಪಕ್ಕ ಚಂದ್ರನನ್ನು ಹುಡುಕುತ್ತಿದ್ದರು. ನಾನು ಎಲ್ಲರಿಗಿಂತ ಮೊದಲು ‘ಕಂಡಿತು’ ಎಂದು ಕೂಗುತ್ತಿದ್ದೆ. “ಲೋ, ನಿನ್ನ ಮಾತು ನಂಬಿ ಊರೆಲ್ಲ ನಾಳೆ ಹಬ್ಬ ಮಾಡುತ್ತೆ. ಕಂಡಿದ್ರೆ ಮಾತ್ರ ಹೇಳು,” ಎನ್ನುತ್ತಿದ್ದರು ಅಬ್ಬಾ. ಈಗ ಚಂದ್ರನ ಸುದ್ದಿಯನ್ನು ಫೋನೇ ಹೇಳುತ್ತದೆ, ಸಾಕ್ಷಿ ಕೇಳುವವರಿಲ್ಲ. ಇಲ್ಲಿ ಒಂದು ಹಬ್ಬ ನನ್ನ ಮಾತಿಗಾಗಿ ಕಾದು ನಿಂತಿತ್ತು.

“ನಾನು ಹಕ್ಕಿ ನೋಡಲಿಲ್ಲ,” ಎಂದೆ ಸ್ವೀಡಿಷ್‌ನಲ್ಲಿ. “ಇಷ್ಟು ದಿನವೂ ನೋಡಿಲ್ಲ. ಫ್ಲೆಮಿಂಗೊ ಕಂಡಿತು, ಅದು ಯಾರಿಗಾದರೂ ಕಾಣುತ್ತೆ.”

ನಸ್ರೀನ್‌ಳ ಮುಖ ಇಳಿದುಹೋಯಿತು. ಮಗಳ ಆಶೀರ್ವಾದವನ್ನು ಮೀರಿ ನಾನು ಮಾತು ಮುಂದುವರಿಸಿದೆ.

“ಆದರೆ ಇವಳು ನೋಡಿದ್ದನ್ನು ನಾನು ನೋಡಿದೆ.” ಹುಬ್ಬು, ತುಟಿ, ಎಡ ಹಿಮ್ಮಡಿ, ಎಲ್ಲವನ್ನೂ ವಿವರಿಸಿದೆ. “ಇವತ್ತು ಎರಡೂ ಹಿಮ್ಮಡಿ ಎದ್ದಿದ್ದವು. ನಮ್ಮ ಮದುವೆ ದಿನವೂ ಎದ್ದಿರಲಿಲ್ಲ.”

“ಎರಡೂ?” ಎಂದರು ಲೆನಾರ್ಟ್, ಗಂಭೀರವಾಗಿ.

“ಎರಡೂ. ಮಂಜು ಮುಚ್ಚುವವರೆಗೆ ಇಳಿಯಲಿಲ್ಲ.”

ಸ್ವೀಡನ್ನಿನವರು ಏನನ್ನೂ ಒಬ್ಬರೇ ತೀರ್ಮಾನಿಸುವುದಿಲ್ಲ. ಅಲ್ಲೇ ಸಭೆ ಸೇರಿತು. ಪ್ರತಿಯೊಬ್ಬರ ಅಭಿಪ್ರಾಯ ಕೇಳಲಾಯಿತು. ನಸ್ರೀನ್‌ಳ ಹಿಮ್ಮಡಿಗಳ ಬಗ್ಗೆ ಎಷ್ಟೋ ಹೊತ್ತು, ಬಹಳ ಮರ್ಯಾದೆಯಿಂದ ಚರ್ಚೆ ನಡೆಯಿತು. ಕಾಫಿ ತಣ್ಣಗಾದ ಮೇಲೆ ಲೆನಾರ್ಟ್ ನನ್ನ ಬಳಿ ಬಂದು, “ಸುಳ್ಳು ಹೇಳುವ ಮನಸ್ಸಿದ್ದರೆ ಈಗಲೂ ಕಂಡಿತು ಅಂತಲೇ ಹೇಳುತ್ತಿದ್ದಿರಿ. ಒಪ್ಪಿದ್ದೇವೆ,” ಎಂದು ನಸ್ರೀನ್‌ಳ ಕೈ ಕುಲುಕಿದರು.

ಬಸ್ಸಿನಲ್ಲಿ ನಸ್ರೀನ್ ಬೈನಾಕ್ಯುಲರಿನ ಗಾಜು ಒರೆಸುತ್ತ ಕೂತಳು. ಹಕ್ಕಿ ಸಿಕ್ಕಿತು, ಗಂಡ ಸಿಕ್ಕಿಬಿದ್ದ. ಯಾವುದನ್ನು ಮೊದಲು ವಿಚಾರಿಸಬೇಕೆಂದು ಲೆಕ್ಕ ಹಾಕುತ್ತಿದ್ದಳೇನೋ. ನಾನು ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ.

“ಅಂದ್ರೆ ಇಷ್ಟು ದಿನ ನೀವು ಹಕ್ಕಿ ನೋಡ್ತಾನೇ ಇರ್ಲಿಲ್ಲ,” ಎಂದಳು ಕಡೆಗೆ.

“ಇಲ್ಲ.”

“ನನ್ನೇ ನೋಡ್ತಿದ್ರಿ.”

“ಹೂಂ.”

ಅವಳು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಆ ಕಡೆಯಿಂದಲೇ ಹೇಳಿದಳು: “ನಾಳೆಯಿಂದ ಬೈನಾಕ್ಯುಲರ್ ತರ್ಬೇಡಿ. ಸುಮ್ನೆ ಭಾರ.”